ಎಕ್ಮೋ ಉಂಟಾ ಎಂದು ಕೇಳುವವರಿಗೆ

ಆಸ್ಪತ್ರೆಯ ಯೋಗ್ಯತೆಯನ್ನು ಅಲ್ಲಿರುವ ಯಂತ್ರದಿಂದ ಅಳೆಯುವುದು ನಮ್ಮ ಕರಾವಳಿಯ ಹಳೆಯ ಚಟ. ಮೊದಲು ‘ಸ್ಕ್ಯಾನಿಂಗ್ ಉಂಟಾ?’ ಎಂದು ಕೇಳುತ್ತಿದ್ದರು. ಕೊರೊನಾ ಕಾಲದಲ್ಲಿ ‘ವೆಂಟಿಲೇಟರ್ ಉಂಟಾ?’ ಎಂದಾಯಿತು. ಈಗ ಕಾಪುವಿನಲ್ಲೋ ಕಾರ್ಕಳದಲ್ಲೋ ಯಾರಿಗಾದರೂ ಉಸಿರಾಟ ಬಿಗಡಾಯಿಸಿತೆಂದರೆ, ಆಂಬುಲೆನ್ಸ್ ಹೊರಡುವ ಮೊದಲೇ ನೆಂಟರಲ್ಲೊಬ್ಬರು ಫೋನು ಹಿಡಿದು ‘ಅಲ್ಲಿ ಎಕ್ಮೋ ಉಂಟಾ ಮಾರಾಯ್ರೆ?’ ಎಂದು ವಿಚಾರಿಸುತ್ತಾರೆ. ಉಂಟು ಎಂದರೆ ಹೋದ ಜೀವ ಅರ್ಧ ಬಂದ ಹಾಗೆ. ಇಲ್ಲ ಎಂದರೆ ಆ ಆಸ್ಪತ್ರೆ ಲೆಕ್ಕಕ್ಕಿಲ್ಲ.

ದೇಹದ ರಕ್ತವನ್ನು ಹೊರಗೆ ತಂದು ಆಮ್ಲಜನಕ ತುಂಬಿ ಹಿಂದಕ್ಕೆ ಕಳಿಸುವ ಈ ಯಂತ್ರದ ಹೆಸರು ಕನ್ನಡದ ಮನೆಗಳೊಳಗೆ ಬಂದದ್ದು ಟಿ.ವಿ.ಯ ದಾರಿಯಲ್ಲಿ. 2016ರ ಡಿಸೆಂಬರ್ 4ರಂದು ಜಯಲಲಿತಾ ಅವರ ಹೃದಯ ನಿಂತಾಗ ಚೆನ್ನೈಯಲ್ಲಿ ಅವರಿಗೆ ಎಕ್ಮೋ ಹಾಕಿದರು; ಮರುದಿನ ಅವರು ತೀರಿಕೊಂಡರು. 2020ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದೇ ನಗರದಲ್ಲಿ ವಾರಗಟ್ಟಲೆ ಎಕ್ಮೋ ಮೇಲಿದ್ದರು. ಸೆಪ್ಟೆಂಬರ್ 25ರಂದು ಹೋದರು. ಎರಡೂ ಕಡೆ ಯಂತ್ರಕ್ಕೆ ಕೊರತೆ ಇರಲಿಲ್ಲ. ಆದರೂ ಜನ ಎತ್ತಿಕೊಂಡ ಪಾಠ ಒಂದೇ: ಕೊನೆಯ ಆಸರೆ ಈ ಯಂತ್ರ; ಅದು ಎಲ್ಲಿದೆಯೋ ಅಲ್ಲಿ ಜೀವ ಉಳಿಯುತ್ತದೆ. ಈ ಲೇಖನ ಆ ಪಾಠದ ಖಂಡನೆ.

ನನ್ನ ವಾದ ಇಷ್ಟು. ಎಕ್ಮೋ ಮೇಲೆ ಮಲಗಿದವರ ಭವಿಷ್ಯ, ಮೂಲ ಕಾಯಿಲೆಯೊಂದನ್ನು ಬಿಟ್ಟರೆ, ನಿಂತಿರುವುದು ಅವರ ರಕ್ತದ ಕಾವಲಿನ ಮೇಲೆ. ರಕ್ತ ಯಂತ್ರದೊಳಗೆ ಹೆಪ್ಪುಗಟ್ಟಬಾರದು, ದೇಹದೊಳಗೆ ಸೋರಲೂಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ಹಗಲೂ ರಾತ್ರಿ ತೆರೆದಿರುವ ಲ್ಯಾಬ್, ತುಂಬಿದ ಬ್ಲಡ್ ಬ್ಯಾಂಕ್, ಹಾಸಿಗೆ ಬಿಟ್ಟು ಕದಲದ ಸಿಸ್ಟರ್, ರಿಪೋರ್ಟನ್ನು ಓದುವುದಷ್ಟೇ ಅಲ್ಲ, ಅದನ್ನು ಅನುಮಾನಿಸಲೂ ಬಲ್ಲ ವೈದ್ಯರು ಬೇಕು. ಯಾವ ಮಂತ್ರಿಯೂ ಇವನ್ನು ಉದ್ಘಾಟಿಸುವುದಿಲ್ಲ. ಯಂತ್ರವನ್ನು ಎಣಿಸಿ ಇವನ್ನು ಎಣಿಸದೆ ಬಿಡುವುದು ಬರೀ ಅಜ್ಞಾನವಾಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಅದರಿಂದ ಜೀವ ಹೋಗುತ್ತದೆ, ಮನೆ ಮುಳುಗುತ್ತದೆ. ಆದ್ದರಿಂದ ಖಂಡನೆ ಬೇಕು.

ಖಂಡನೆಗೆ ಉಡುಪಿಯಲ್ಲಿ ಒಂದು ಮರ್ಯಾದೆ ಉಂಟು. ಇಲ್ಲಿನ ಮಧ್ವಾಚಾರ್ಯರು ಬರೆದ ದಶಪ್ರಕರಣಗಳೆಂಬ ಹತ್ತು ಗ್ರಂಥಗಳಲ್ಲಿ ಮೂರು ಖಂಡನ ಗ್ರಂಥಗಳೇ. ವಿದ್ವಾಂಸರು ಅವನ್ನು ಖಂಡನತ್ರಯ ಎನ್ನುತ್ತಾರೆ. ಎದುರಾಳಿಯ ಪಕ್ಷವನ್ನು ಮೊದಲು ನೆಟ್ಟಗೆ ಹೇಳಿ ಆಮೇಲೆ ಉತ್ತರಕ್ಕೆ ಇಳಿಯಬೇಕೆಂಬುದು ವಾದದ ಕ್ರಮ. ಹಾಗಾಗಿ ಮೊದಲು ಪೂರ್ವಪಕ್ಷ.

ಯಂತ್ರದ ಪರವಾಗಿ ಹೇಳುವವರ ಮಾತು ಹೀಗಿದೆ. ಶ್ವಾಸಕೋಶ ಸಂಪೂರ್ಣ ಸೋತಾಗ ವೆಂಟಿಲೇಟರ್‌ಗೂ ಮಾಡಲು ಏನೂ ಉಳಿಯುವುದಿಲ್ಲ. ಆಗ ದೇಹದ ರಕ್ತವನ್ನೇ ಹೊರಗೆ ತಂದು, ಕೃತಕ ಪೊರೆಯ ಮೂಲಕ ಹಾಯಿಸಿ, ಆಮ್ಲಜನಕ ತುಂಬಿ ಹಿಂದಕ್ಕೆ ಕಳಿಸಬಲ್ಲದ್ದು ಎಕ್ಮೋ ಒಂದೇ. ವೈರಸ್ ತಗಲಿ ಹೃದಯದ ಸ್ನಾಯು ಊದಿಕೊಂಡ ಹುಡುಗಿ, ಎಚ್1ಎನ್1 ಬಂದ ಬಾಣಂತಿ, ಹುಟ್ಟಿದೊಡನೆ ಉಸಿರಾಡಲಾರದ ಶಿಶು, ಇಂಥವರು ಇದರಿಂದ ಬದುಕಿ ಮನೆಗೆ ಹೋಗಿದ್ದಾರೆ. ಹಾಗಿರುವಾಗ ಜಿಲ್ಲೆಗೊಂದು ಯಂತ್ರ ಬೇಕು ಎಂದು ಕೇಳುವುದರಲ್ಲಿ ತಪ್ಪೇನು? ಮೊದಲು ಯಂತ್ರ ಬರಲಿ, ಜನ ಆಮೇಲೆ ತಯಾರಾಗುತ್ತಾರೆ. ಮದ್ದಿನ ಪ್ರಮಾಣಕ್ಕೆ ಪುಸ್ತಕದಲ್ಲಿ ಸಂಖ್ಯೆಗಳಿವೆ, ಅದರಂತೆ ನಡೆದರಾಯಿತು. ಇಷ್ಟಾಗಿಯೂ ರೋಗಿ ರಕ್ತಸ್ರಾವದಿಂದ ಸತ್ತರೆ, ಎಲ್ಲೋ ಯಾರೋ ತಪ್ಪಿದ್ದಾರೆ ಎಂದೇ ಅರ್ಥ.

ಇದರಲ್ಲಿ ಮೊದಲ ಭಾಗ ನಿಜ. ಎಕ್ಮೋ ಜೀವ ಉಳಿಸಿದೆ, ಉಳಿಸುತ್ತಿದೆ. ಉಳಿದ ಮೂರು ಮಾತುಗಳೂ ಸುಳ್ಳು.

ಪುಸ್ತಕದ ಸಂಖ್ಯೆಯಿಂದಲೇ ಶುರುಮಾಡುತ್ತೇನೆ. ದೊಡ್ಡವರಿಗೆ ಎಕ್ಮೋ ಹಾಕಿದಾಗ ನಿಮಿಷಕ್ಕೆ ಮೂರರಿಂದ ಐದು ಲೀಟರ್ ರಕ್ತ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಯುತ್ತದೆ. ಅಂದರೆ ದೇಹದಲ್ಲಿರುವ ರಕ್ತವೆಲ್ಲ ಒಂದೆರಡು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಬರುತ್ತದೆ. ರಕ್ತನಾಳದ ಒಳಗೋಡೆಯನ್ನು ಬಿಟ್ಟು ಬೇರೆ ಯಾವ ಮೇಲ್ಮೈ ಸೋಕಿದರೂ ಗಾಯವಾಗಿದೆ ಎಂದು ತಿಳಿದು ಹೆಪ್ಪುಗಟ್ಟುವುದು ರಕ್ತದ ಧರ್ಮ. ಪ್ಲಾಸ್ಟಿಕ್ ಸೋಕಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನುಗಳು ಅದಕ್ಕೆ ಅಂಟುತ್ತವೆ, ಪ್ಲೇಟ್‌ಲೆಟ್‌ಗಳು ಬಂದು ಸೇರುತ್ತವೆ, ಹೆಪ್ಪಿನ ಸರಪಳಿ ಒಂದೊಂದೇ ಕೊಂಡಿಯಾಗಿ ಎಚ್ಚರಗೊಳ್ಳುತ್ತದೆ. ಬಿಟ್ಟರೆ ಆಮ್ಲಜನಕ ತುಂಬುವ ಪೊರೆಯಿರುವ ಆಕ್ಸಿಜನೇಟರ್ ಕಟ್ಟಿಹೋಗುತ್ತದೆ, ಅಥವಾ ತುಣುಕೊಂದು ಕಳಚಿಕೊಂಡು ಮೆದುಳಿಗೆ ಹೋಗುತ್ತದೆ. ಅದಕ್ಕಾಗಿ ಹೆಪಾರಿನ್. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಕೈಗೆ ಸಿಕ್ಕ ಈ ವಸ್ತುವನ್ನು ಇವತ್ತಿಗೂ ಹೆಚ್ಚಾಗಿ ಹಂದಿಯ ಕರುಳಿನಿಂದಲೇ ತೆಗೆಯುತ್ತಾರೆ. ಅದಕ್ಕೆ ಪ್ರತಿಮದ್ದಾದ ಪ್ರೊಟಮಿನ್‌ನ ಮೂಲ ಸಾಲ್ಮನ್ ಮೀನಿನ ವೀರ್ಯ. ದುಬಾರಿ ಯಂತ್ರದ ಹಣೆಬರಹ ಕೊನೆಗೆ ನಿಂತಿರುವುದು ಇಂಥ ಹಳೆಯ, ಒರಟು, ಪ್ರಾಣಿಮೂಲದ ಮದ್ದಿನ ಮೇಲೆ.

ಇನ್ನೊಂದು ಬದಿ ಇದೆ. ಹೆಪಾರಿನ್ ಯಂತ್ರಕ್ಕೆ ಮಾತ್ರ ಹೋಗುವುದಿಲ್ಲ, ರೋಗಿಯ ಮೈಯೆಲ್ಲ ಹರಡುತ್ತದೆ. ಜೊತೆಗೆ ಪಂಪಿನ ರಭಸಕ್ಕೆ ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಎಂಬ ದೊಡ್ಡ ಪ್ರೋಟೀನ್ ಹರಿದು ಚೂರಾಗುತ್ತದೆ. ಎಕ್ಮೋ ಮೇಲಿರುವ ಹೆಚ್ಚುಕಡಿಮೆ ಎಲ್ಲರಲ್ಲೂ ಇದು ಕಾಣಸಿಗುತ್ತದೆ. ಪ್ಲೇಟ್‌ಲೆಟ್ ಕುಸಿಯುತ್ತದೆ. ಅಂದರೆ ಯಂತ್ರ ಒಂದೇ ಹೊತ್ತಿನಲ್ಲಿ ರಕ್ತವನ್ನು ಹೆಪ್ಪಿನ ಕಡೆಗೂ ನೂಕುತ್ತದೆ, ಸೋರಿಕೆಯ ಕಡೆಗೂ ಎಳೆಯುತ್ತದೆ. ದೊಡ್ಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗಾದರೂ ಗಂಭೀರ ರಕ್ತಸ್ರಾವ ಆಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಗುಟ್ಟಿನ ಮಾತೇನಲ್ಲ. ಮಲ್ಪೆಯ ಅಳಿವೆಯಲ್ಲಿ ದೋಣಿ ದಾಟಿಸುವವರಿಗೆ ಇದು ಅರ್ಥವಾಗುತ್ತದೆ: ಎರಡೂ ಬದಿ ಮರಳು, ನಡುವೆ ಕಿರಿದಾದ ದಾರಿ, ನಿನ್ನೆ ಇದ್ದ ದಾರಿ ಇವತ್ತು ಅಲ್ಲೇ ಇರುತ್ತದೆ ಎಂಬ ಭರವಸೆ ಇಲ್ಲ.

ಈ ದಾರಿಗೆ ಪುಸ್ತಕ ಕೊಡುವ ಗುರುತುಗಳು ಮೂರು. ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಹಾಸಿಗೆಯ ಪಕ್ಕದಲ್ಲೇ ಅಳೆಯುವ ಎಸಿಟಿ ಪರೀಕ್ಷೆ 180ರಿಂದ 220 ಸೆಕೆಂಡಿನೊಳಗೆ ಇರಬೇಕು. ಅಂಥದ್ದೇ ಹೊತ್ತನ್ನು ಅಳೆಯುವ ಲ್ಯಾಬಿನ ಎಪಿಟಿಟಿ ಮಾಮೂಲಿಗಿಂತ ಒಂದೂವರೆಯಿಂದ ಎರಡೂವರೆ ಪಟ್ಟು ಇರಬೇಕು. ಹೆಪಾರಿನ್ ಪ್ರಭಾವವನ್ನು ಅಳೆಯುವ ಆಂಟಿ-ಎಕ್ಸ್ಎ ಎಂಬ ಪರೀಕ್ಷೆ 0.3ರಿಂದ 0.7 ತೋರಿಸಬೇಕು. ಕೇಳಲು ಸುಲಭ. ಒಬ್ಬನೇ ರೋಗಿಯ ಒಂದೇ ಹೊತ್ತಿನ ರಕ್ತದಲ್ಲಿ ಈ ಮೂರೂ ಮೂರು ದಿಕ್ಕು ತೋರಿಸುವುದು ಮಾಮೂಲು ಎಂಬುದನ್ನು ಸಂಖ್ಯೆಯ ಭಕ್ತರು ಹೇಳುವುದಿಲ್ಲ. ಸೋಂಕಿನಿಂದ ಮೈಯಲ್ಲಿ ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನ್ ಏರಿದ್ದರೆ ಎಪಿಟಿಟಿ ಸುಮ್ಮನೆ ಉದ್ದವಾಗಿ, ಮದ್ದು ಜಾಸ್ತಿಯಾಗಿದೆ ಎಂಬ ಭ್ರಮೆ ಹುಟ್ಟಿಸಬಹುದು. ಹೆಪಾರಿನ್ ಕೆಲಸ ಮಾಡುವುದು ದೇಹದ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಮೂಲಕ. ಅದೇ ಬತ್ತಿದ್ದರೆ ಎಷ್ಟು ಹೆಪಾರಿನ್ ಸುರಿದರೂ ಫಲ ಕಡಿಮೆ. ಹೆಪಾರಿನ್ ಶುರುವಾಗಿ ಐದರಿಂದ ಹತ್ತು ದಿನಕ್ಕೆ ಕೆಲವರಲ್ಲಿ ಆ ಮದ್ದೇ ತಿರುಗಿಬಿದ್ದು ಪ್ಲೇಟ್‌ಲೆಟ್ ಇಳಿಸಿ ಹೆಪ್ಪುಗಟ್ಟಿಸುತ್ತದೆ. ಆಗ ಹೆಪಾರಿನ್ ನಿಲ್ಲಿಸಿ ಬೈವಾಲಿರುಡಿನ್‌ನಂಥ ಬೇರೆ ಮದ್ದಿಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಸಂಖ್ಯೆಯ ಭಕ್ತಿ ಎಷ್ಟು ಅಪಾಯಕಾರಿ ಎಂದು ತಿಳಿಯಲು ಇಲಿಜ್ವರವನ್ನು ನೋಡಿದರೆ ಸಾಕು. ರಾಜ್ಯದಲ್ಲಿ ಇಲಿಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವ ಜಿಲ್ಲೆಗಳಲ್ಲಿ ಉಡುಪಿ ಒಂದು. ಮಳೆ ಹಿಡಿದು ನೇಜಿ ನೆಡುವ ಹೊತ್ತಿಗೆ ಗದ್ದೆಯ ಕೆಸರಲ್ಲಿ, ತೋಟದ ನೀರಲ್ಲಿ ಬರಿಗಾಲಲ್ಲಿ ನಿಂತವರಿಗೆ ಕಾಲಿನ ಸಣ್ಣ ಗಾಯದ ಮೂಲಕ ಇದು ತಗಲುತ್ತದೆ. ಹೆಚ್ಚಿನವರು ಸಕಾಲಕ್ಕೆ ಕೊಟ್ಟ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ಗಳಲ್ಲೇ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ಕಾಮಾಲೆ ಬಂದು, ಮೂತ್ರಪಿಂಡ ಸೋತು, ಶ್ವಾಸಕೋಶದೊಳಗೇ ರಕ್ತ ಸೋರತೊಡಗುತ್ತದೆ. ಉಸಿರಿನ ಕೊಳವೆಯಿಂದ ರಕ್ತ ಬರುತ್ತಿರುವ ಇಂಥ ರೋಗಿಗೆ ವೆಂಟಿಲೇಟರ್ ಸಾಲದೆ ಎಕ್ಮೋ ಹಾಕಬೇಕಾಗಿ ಬಂತೆಂದುಕೊಳ್ಳಿ. ಯಂತ್ರ ಕೇಳುವುದು ಹೆಪಾರಿನ್. ಶ್ವಾಸಕೋಶಕ್ಕೆ ಅದೇ ವಿಷ. ಪ್ಲೇಟ್‌ಲೆಟ್ ಮೊದಲೇ ತಳಕಂಡಿದೆ. ಇದರ ಮೇಲೆ ಇನ್ನೊಂದು ಬಲೆ: ರಕ್ತದಲ್ಲಿ ಬಿಲಿರುಬಿನ್ ಬಹಳ ಏರಿದಾಗ, ಬಣ್ಣ ನೋಡಿ ಲೆಕ್ಕ ಹಾಕುವ ಆಂಟಿ-ಎಕ್ಸ್ಎ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಾಮಾಲೆಯಿಂದ ಹಳದಿಯಾದ ಇಲಿಜ್ವರದ ರೋಗಿಯ ರಿಪೋರ್ಟಿನಲ್ಲಿ ಆಂಟಿ-ಎಕ್ಸ್ಎ ಕಡಿಮೆ ಇದೆ ಎಂದು ಬಂದರೆ, ಪುಸ್ತಕದ ಸಂಖ್ಯೆಯನ್ನೇ ನಂಬಿದವರು ಹೆಪಾರಿನ್ ಏರಿಸುತ್ತಾರೆ. ಈಗಾಗಲೇ ರಕ್ತ ಸೋರುವ ಶ್ವಾಸಕೋಶಕ್ಕೆ ಅದು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ.

ಇಂಥಲ್ಲಿ ಅನುಭವಸ್ಥರು ಪುಸ್ತಕವನ್ನು ಬದಿಗಿಡುತ್ತಾರೆ. ಶ್ವಾಸಕೋಶಕ್ಕೆ ಮಾತ್ರ ಆಸರೆ ಕೊಡುವ ಎಕ್ಮೋದಲ್ಲಿ, ಕೊಳವೆಗಳ ಒಳಮೈಗೆ ಹೆಪ್ಪು ತಡೆಯುವ ಲೇಪ ಇರುವ ಈ ಕಾಲದಲ್ಲಿ, ರಕ್ತದ ಹರಿವನ್ನು ಜೋರಾಗಿಟ್ಟು ಹೆಪಾರಿನ್ ಇಲ್ಲದೆಯೇ ದಿನಗಟ್ಟಲೆ ನಡೆಸಿದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಹಾಗೆ ಮಾಡುವ ಧೈರ್ಯಕ್ಕೆ ಬೆಲೆ ಇದೆ: ಆಕ್ಸಿಜನೇಟರನ್ನು ಟಾರ್ಚ್ ಹಿಡಿದು ಆಗಾಗ ನೋಡಬೇಕು, ಅದರ ಎರಡು ಬದಿಯ ಒತ್ತಡದ ಅಂತರ ಗಮನಿಸಬೇಕು, ಕಪ್ಪು ಗೆರೆ ಕಂಡರೆ ಹೊಸದನ್ನು ಜೋಡಿಸಲು ಕ್ಷಣದಲ್ಲಿ ಸಿದ್ಧವಿರಬೇಕು. ರಾತ್ರಿ ಎರಡು ಗಂಟೆಗೆ ಆ ಗೆರೆಯನ್ನು ಕಾಣುವುದು ಸಿಸ್ಟರ್ ಅಥವಾ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್‌ನ ಕಣ್ಣು. ಯಂತ್ರದ ಬೆಲೆಪಟ್ಟಿಯಲ್ಲಿ ಆ ಕಣ್ಣು ಸೇರಿರುವುದಿಲ್ಲ.

ಮೊದಲು ಯಂತ್ರ, ಆಮೇಲೆ ಜನ ಎಂಬುದು ಎರಡನೆಯ ಮಾತು. ಇದಕ್ಕೆ ಉತ್ತರವನ್ನು ಚರಿತ್ರೆಯೇ ಕೊಟ್ಟಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದರು. ಅದೇ ವರ್ಷದ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. ಆಕೆ ಆ ಯಂತ್ರವನ್ನೇ ಪೂರ್ತಿ ಅವಲಂಬಿಸಿದ್ದು 26 ನಿಮಿಷ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹೆಪಾರಿನ್ ತುಂಬ ಕೊಟ್ಟು, ಕೆಲಸ ಮುಗಿದೊಡನೆ ಪ್ರೊಟಮಿನ್ ಕೊಟ್ಟು ಅದರ ಪ್ರಭಾವ ತೆಗೆಯಬಹುದು. ಎಕ್ಮೋ ಹಾಗಲ್ಲ, ಅಲ್ಲಿ ದಿನಗಳು, ವಾರಗಳು. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊನಾಲ್ಡ್ ಹಿಲ್ ಅಪಘಾತಕ್ಕೀಡಾದ 24ರ ಯುವಕನೊಬ್ಬನನ್ನು 75 ಗಂಟೆ ಇಂಥ ಯಂತ್ರದ ಮೇಲಿಟ್ಟು ಉಳಿಸಿದಾಗ ಜಗತ್ತು ಹಿಗ್ಗಿತು. ಆ ಹಿಗ್ಗಿನಲ್ಲಿ ಅಮೆರಿಕದ ಆಸ್ಪತ್ರೆಗಳು ಕೂಡಿ ಒಂದು ದೊಡ್ಡ ಪರೀಕ್ಷೆ ಮಾಡಿದವು. 1979ರಲ್ಲಿ ಫಲಿತಾಂಶ ಬಂತು: 90 ರೋಗಿಗಳಲ್ಲಿ ಯಂತ್ರ ಹಾಕಿದ ಗುಂಪಿನಲ್ಲಿ ಬದುಕಿದ್ದು ನಾಲ್ವರು; ಹಾಕದ ಗುಂಪಿನಲ್ಲೂ ನಾಲ್ವರು. ಯಂತ್ರ ಇತ್ತು, ರೋಗಿಗಳು ದಿನಕ್ಕೆ ಲೀಟರ್‌ಗಟ್ಟಲೆ ರಕ್ತ ಕಳೆದುಕೊಳ್ಳುತ್ತಿದ್ದರು. ಹಲವು ಕೇಂದ್ರಗಳಿಗೆ ಆ ಕೆಲಸ ಹೊಸತು. ದೊಡ್ಡವರಿಗೆ ಎಕ್ಮೋ ಹಾಕುವ ಉತ್ಸಾಹ ಅದರಿಂದ ಎಷ್ಟೋ ವರ್ಷ ತಣ್ಣಗಾಯಿತು.

ಮೂವತ್ತು ವರ್ಷದ ನಂತರ, 2009ರಲ್ಲಿ, ಬ್ರಿಟನ್ನಿನ ಸೀಸರ್ ಪರೀಕ್ಷೆಯ ಫಲಿತಾಂಶ ಹೊರಬಂತು. 180 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಲೆಸ್ಟರ್ ನಗರದ ಒಂದೇ ಅನುಭವಿ ಎಕ್ಮೋ ಕೇಂದ್ರಕ್ಕೆ ಕಳಿಸಲು ಆರಿಸಿದ್ದರು. ಆರು ತಿಂಗಳ ಬಳಿಕ ತೀವ್ರ ವೈಕಲ್ಯವಿಲ್ಲದೆ ಬದುಕಿದ್ದವರು ಆ ಗುಂಪಿನಲ್ಲಿ ಶೇ. 63, ಉಳಿದ ಗುಂಪಿನಲ್ಲಿ ಶೇ. 47. ಯಂತ್ರವಾದಿಗಳು ಇದನ್ನು ಎತ್ತಿ ಹಿಡಿಯುತ್ತಾರೆ. ಆದರೆ ಆ ಕೇಂದ್ರಕ್ಕೆ ಕಳಿಸಲೆಂದು ಆರಿಸಿದ 90 ಮಂದಿಯಲ್ಲಿ ಯಂತ್ರ ಹಾಕಿಸಿಕೊಂಡದ್ದು 68 ಮಾತ್ರ. ಉಳಿದವರಲ್ಲಿ 16 ಮಂದಿ ಯಂತ್ರವಿಲ್ಲದ ಚಿಕಿತ್ಸೆಯಲ್ಲೇ ಸುಧಾರಿಸಿದರು. ಗೆಲುವಿನಲ್ಲಿ ಯಂತ್ರದ ಪಾಲೆಷ್ಟು, ಪಳಗಿದ ಕೈಗಳ ಪಾಲೆಷ್ಟು ಎಂದು ಬೇರ್ಪಡಿಸಲು ಇವತ್ತಿಗೂ ಆಗಿಲ್ಲ. 2018ರಲ್ಲಿ ಬಂದ ಈಯೋಲಿಯಾ ಪರೀಕ್ಷೆಯಲ್ಲಿ 60 ದಿನದೊಳಗಿನ ಸಾವು ಎಕ್ಮೋ ಗುಂಪಿನಲ್ಲಿ ಶೇ. 35, ಇನ್ನೊಂದರಲ್ಲಿ ಶೇ. 46. ಆಸೆ ಹುಟ್ಟಿಸುವ ಅಂತರ. ಆದರೂ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಗೆಲುವು ಎಂದು ಘೋಷಿಸಲು ಸಾಲಲಿಲ್ಲ. ಪಳಗಿದ ಕೇಂದ್ರಗಳಲ್ಲೇ ಲಾಭ ಇಷ್ಟು ಕಿರಿದಾಗಿರುವಾಗ, ಪಳಗದ ಕಡೆ ಅದು ನಷ್ಟಕ್ಕೆ ತಿರುಗಲು ಎಷ್ಟು ಹೊತ್ತು ಬೇಕು?

ಯಂತ್ರ ಬಂದರೆ ಜನ ತಾವಾಗಿ ತಯಾರಾಗುತ್ತಾರೆ ಎಂಬ ನಂಬಿಕೆಗೆ ನಮ್ಮ ದೇಶದ್ದೇ ಉತ್ತರವೂ ಉಂಟು. ಕೊರೊನಾ ಕಾಲದಲ್ಲಿ ಎಷ್ಟೋ ಸರಕಾರಿ ಆಸ್ಪತ್ರೆಗಳಿಗೆ ವೆಂಟಿಲೇಟರ್‌ಗಳು ಬಂದವು. ನಡೆಸುವವರಿಲ್ಲದೆ ಪೆಟ್ಟಿಗೆಯಲ್ಲೇ ಉಳಿದವು ಎಂಬ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಪೆಟ್ಟಿಗೆಯಲ್ಲಿ ಉಳಿದ ವೆಂಟಿಲೇಟರ್‌ನಿಂದ ನಷ್ಟ ಹಣ ಮಾತ್ರ. ಅರೆಬರೆ ಕಲಿತವರು ಬಿಚ್ಚಿದ ಎಕ್ಮೋ ಅದಕ್ಕಿಂತ ಕೆಟ್ಟದ್ದು. ಮಣಿಪಾಲದಲ್ಲಿ ಪರ್ಫ್ಯೂಷನ್ ತಂತ್ರಜ್ಞಾನವನ್ನು ಪದವಿಯಾಗಿ ಕಲಿಸುತ್ತಾರೆ. ನಮ್ಮ ಜಿಲ್ಲೆಯ ನಿಜವಾದ ಬಂಡವಾಳ ಅದು. ಆದರೆ ಪರ್ಫ್ಯೂಷನಿಸ್ಟ್ ಎಂದರೆ ಯಾರೆಂದು ಪೇಟೆಯಲ್ಲಿ ನಿಂತು ಕೇಳಿ. ಹೇಳಬಲ್ಲವರು ಕೈಬೆರಳೆಣಿಕೆಗೂ ಸಿಗುವುದು ಕಷ್ಟ.

ರಕ್ತ ಸೋರಿದರೆ ಯಾರೋ ತಪ್ಪಿದ್ದಾರೆ ಎಂಬುದು ಮೂರನೆಯ ಮಾತು. ಇದು ಸುಳ್ಳು ಮಾತ್ರವಲ್ಲ, ಕ್ರೂರ ಕೂಡ. ಮೆದುಳಿನಲ್ಲಿ ರಕ್ತ ಸೋರಿದರೆ ಮದ್ದು ಜಾಸ್ತಿ ಕೊಟ್ಟರು ಎನ್ನುತ್ತೇವೆ, ಯಂತ್ರ ಕಟ್ಟಿಹೋದರೆ ಕಡಿಮೆ ಕೊಟ್ಟರು ಎನ್ನುತ್ತೇವೆ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಇವೆರಡೂ ಆಗಬಹುದು ಎಂಬ ಸಾಧ್ಯತೆಗೆ ನಮ್ಮ ಮನಸ್ಸಿನಲ್ಲಿ ಜಾಗವೇ ಇಲ್ಲ. ಆ ಜಾಗ ಇಲ್ಲದೆ ಹೋದದ್ದು ಬೈಸ್ಟ್ಯಾಂಡರ್‌ಗಳ ತಪ್ಪಿನಿಂದ ಮಾತ್ರವಲ್ಲ. ಯಂತ್ರದ ಚಿತ್ರವನ್ನು ಹೆದ್ದಾರಿಯ ಪಕ್ಕ ದೊಡ್ಡ ಹೋರ್ಡಿಂಗಿನಲ್ಲಿ ಹಾಕುವ ಆಸ್ಪತ್ರೆಗಳು, ಮೂವರಲ್ಲಿ ಒಬ್ಬರಿಗೆ ಗಂಭೀರ ರಕ್ತಸ್ರಾವ ಎಂಬ ಮಾತನ್ನು ಇಂಗ್ಲಿಷಿನ ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸುತ್ತವೆ. ನಡುರಾತ್ರಿ ಕಾರ್ಕಳದ ಕಡೆಯಿಂದ ಓಡಿಬಂದ ಮನೆಯವರು ಅದಕ್ಕೆ ಸಹಿ ಹಾಕುತ್ತಾರೆ. ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅವರನ್ನು ಕೂರಿಸಿ ‘ಅಮ್ಮ, ಈ ಯಂತ್ರ ಹಾಕಿದರೆ ರಕ್ತ ಕಟ್ಟಲೂಬಹುದು, ಸೋರಲೂಬಹುದು, ನಾವು ಎರಡರ ಮಧ್ಯೆ ನಡೆಸಬೇಕು, ಇಷ್ಟು ದಿನ ನೋಡುವ, ಆಗದಿದ್ದರೆ ನಿಲ್ಲಿಸುವ’ ಎಂದು ಹೇಳುವ ಹತ್ತು ನಿಮಿಷ ಚಿಕಿತ್ಸೆಯ ಭಾಗವೇ ಹೊರತು ಅಲಂಕಾರವಲ್ಲ. ಖರ್ಚು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಏರುವಾಗ, ತೋಟ ಅಡವಿಡುವ ಮೊದಲು ಆ ಮಾತು ಕೇಳಿಸಿಕೊಳ್ಳುವುದು ಮನೆಯವರ ಹಕ್ಕು.

ನಿಜವಾದ ತಪ್ಪುಗಳೂ ಆಗುತ್ತವೆ. ಅವನ್ನು ಮುಚ್ಚಿಡಲು ಈ ವಾದವನ್ನು ಯಾರೂ ಬಳಸಬಾರದು. 2007ರಲ್ಲಿ ಲಾಸ್ ಏಂಜಲಿಸ್‌ನ ಹೆಸರಾಂತ ಆಸ್ಪತ್ರೆಯೊಂದರಲ್ಲಿ ನಟ ಡೆನಿಸ್ ಕ್ವೇಯ್ಡ್ ಅವರ ಅವಳಿ ಹಸುಳೆಗಳಿಗೆ ಕೊಡಬೇಕಾದದ್ದಕ್ಕಿಂತ ಸಾವಿರ ಪಟ್ಟು ಪ್ರಬಲವಾದ ಹೆಪಾರಿನ್ ಕೊಟ್ಟುಬಿಟ್ಟರು. ಬೇರೆ ಬೇರೆ ಸಾಮರ್ಥ್ಯದ ಬಾಟಲಿಗಳು ನೋಡಲು ಒಂದೇ ತರಹ ಇದ್ದವು. ಮಕ್ಕಳು ಬದುಕಿದರು. ನಮ್ಮಲ್ಲೂ ಹೆಪಾರಿನ್ ಒಂದು ಮಿಲಿಲೀಟರಿಗೆ 1,000 ಯೂನಿಟ್, 5,000 ಯೂನಿಟ್ ಎಂಬ ಎರಡು ಬಲದಲ್ಲಿ ಸಿಗುತ್ತದೆ. ಬಾಟಲಿಯ ಗಾತ್ರ ಒಂದೇ. ಇಂಥ ತಪ್ಪನ್ನು ತಡೆಯುವುದು ಇಬ್ಬರು ಸಿಸ್ಟರ್‌ಗಳು ಒಟ್ಟಿಗೆ ಓದಿ ನೋಡುವ ಶಿಸ್ತು. ಅನಿವಾರ್ಯ ಅಪಾಯಕ್ಕೂ ತಡೆಯಬಹುದಾದ ತಪ್ಪಿಗೂ ವ್ಯತ್ಯಾಸ ತಿಳಿಯದ ಸಮಾಜ, ಮೊದಲನೆಯದಕ್ಕೆ ವೈದ್ಯರ ಮೇಲೆ ಕೈ ಮಾಡುತ್ತದೆ, ಎರಡನೆಯದನ್ನು ಗಮನಿಸದೆ ಬಿಡುತ್ತದೆ.

ಇಷ್ಟರವರೆಗೆ ಹೇಳಿದ್ದು ಅಪರೂಪದ ರೋಗಿಗಳ ಮಾತು ಎಂದು ತಳ್ಳಿಹಾಕುವವರಿಗೆ ಇದೇ ಕುರುಡುತನ ದಿನನಿತ್ಯ ಹೇಗೆ ಕೆಲಸ ಮಾಡುತ್ತದೆಂದು ತೋರಿಸುತ್ತೇನೆ. ಭಾರತದ್ದೇ ಆದ ಹೃದಯದ ಕೃತಕ ಕವಾಟವನ್ನು ರೂಪಿಸಿದವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಬಳಗ. ಕೆಲವು ಮಾದರಿಗಳು ಸೋತ ಮೇಲೆ, 1990ರ ಡಿಸೆಂಬರಿನಲ್ಲಿ ಚಿತ್ರಾ ಕವಾಟ ಮೊದಲ ಬಾರಿಗೆ ಮನುಷ್ಯನ ಹೃದಯ ಸೇರಿತು. ಅದೇ ವಲಿಯತ್ತಾನ್ 1993ರಲ್ಲಿ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ಇಲ್ಲೇ ನೆಲೆಸಿದರು. 2024ರಲ್ಲಿ ಇಲ್ಲೇ ತೀರಿಕೊಂಡರು. ಅವರ ಕವಾಟವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಲೋಹದ ಯಾವ ಕವಾಟವೂ ಹೃದಯ ಸೇರಿದ ದಿನದಿಂದ ಸಾಯುವವರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಕೇಳುತ್ತದೆ. ವಾರ್ಫರಿನ್ ಅಥವಾ ಅಸಿಟ್ರಾಂ. ಅದರ ಪರಿಣಾಮ ಅಳೆಯಲು ಐಎನ್‌ಆರ್ ಎಂಬ ಪರೀಕ್ಷೆ. ಎಡಬದಿಯ ಮೈಟ್ರಲ್ ಕವಾಟ ಬದಲಾಯಿಸಿದವರಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಕೆಳಗೆ ಇಳಿದರೆ ಕವಾಟ ಕಟ್ಟಿಹೋಗುತ್ತದೆ, ಮೇಲೆ ಹೋದರೆ ರಕ್ತ ಸೋರುತ್ತದೆ. ಐಸಿಯುವಿನ ಅದೇ ಕಿರುದಾರಿ, ಇಲ್ಲಿ ಜೀವನವಿಡೀ.

ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಕವಾಟ ಕೆಡಿಸಿದ್ದರಿಂದ ಆಪರೇಷನ್ ಮಾಡಿಸಿಕೊಂಡ ಕಾರ್ಕಳದ ಹಳ್ಳಿಯ ಹೆಂಗಸೊಬ್ಬರನ್ನು ನೆನೆಸಿಕೊಳ್ಳಿ. ಆಪರೇಷನ್‌ಗೆ ಸರಕಾರದ ವಿಮೆ ಹಣ ಕೊಟ್ಟಿತು. ಊರಿನ ದಾನಿಗಳು ಸೇರಿದರು, ಪೇಪರಿನಲ್ಲಿ ಫೋಟೋ ಬಂತು. ಆಮೇಲೆ? ತಿಂಗಳಿಗೊಮ್ಮೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಪರೀಕ್ಷೆಗೆ ಹೋಗಬೇಕು. ಪೇಟೆಯ ಲ್ಯಾಬಿನಲ್ಲಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ನೋಡಿ ಮಾತ್ರೆ ಕಾಲು ಏರಿಸಬೇಕೋ ಅರ್ಧ ಇಳಿಸಬೇಕೋ ಎಂದು ಹೇಳಲು ಯಾರಿದ್ದಾರೆ? ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದ ಗುಳಿಗೆ ಅಸಿಟ್ರಾಂ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದೆಂದು ತಿಳಿಸುವವರು ಯಾರು? ಹೆಚ್ಚಿನ ಕಡೆ ಸಿಗುವ ಏಕೈಕ ಸಲಹೆ ‘ಸೊಪ್ಪು ತಿನ್ನಬೇಡಿ’. ಬಸಳೆ, ಹರಿವೆ, ಪತ್ರೊಡೆ ಬಿಟ್ಟರೆ ನಮ್ಮ ಕಡೆಯ ಬಡವರ ಊಟದಲ್ಲಿ ಉಳಿಯುವುದೇನು? ಪ್ರತಿವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ಸರಿಯಾಗಿ ಮಾತ್ರೆ ಹೊಂದಿಸುತ್ತೇವೆ ಎನ್ನುವುದು ಸರಿಯಾದ ಸಲಹೆ. ಆದರೆ ಹೊಂದಿಸಲು ಆಳು ಬೇಕು. ಆಳಿಲ್ಲದ ಕಡೆ ನಿಷೇಧ ಸುಲಭ.

ಕವಾಟ ಒಂದು ದಿನದ ಸುದ್ದಿ, ಐಎನ್‌ಆರ್ ಒಂದು ಆಯುಷ್ಯದ ಕೆಲಸ. ನಾವು ಮೊದಲನೆಯದಕ್ಕೆ ಹಣ ಕೊಟ್ಟು ಎರಡನೆಯದನ್ನು ರೋಗಿಯ ಹಣೆಬರಹಕ್ಕೆ ಬಿಟ್ಟಿದ್ದೇವೆ. ತಾಲೂಕು ಮಟ್ಟದಲ್ಲಿ ಒಂದು ಮಾತ್ರೆಯ ಲೆಕ್ಕವನ್ನು ನೆಟ್ಟಗೆ ಇಡಲಾರದ ವ್ಯವಸ್ಥೆ ಐಸಿಯುವಿನಲ್ಲಿ ಗಂಟೆಗೊಮ್ಮೆ ಬದಲಾಗುವ ಹೆಪಾರಿನ್ ಲೆಕ್ಕವನ್ನು ಇಡುತ್ತದೆ ಎಂದು ಯಾವ ಧೈರ್ಯದಲ್ಲಿ ನಂಬುವುದು?

ಇಷ್ಟು ಹೇಳಿದರೆ ‘ಹಾಗಾದರೆ ನಿಮಗೆ ಯಂತ್ರವೇ ಬೇಡವೋ, ಬಡವರು ಸಾಯಬೇಕೋ?’ ಎಂಬ ಪ್ರಶ್ನೆ ಬರುತ್ತದೆ. ಯಂತ್ರ ಬೇಕು, ಎಲ್ಲಿ ಬೇಕು ಎಂಬುದೇ ವಿಷಯ. ವರ್ಷಕ್ಕೆ ಒಂದೆರಡು ಬಾರಿ ಎಕ್ಮೋ ಹಾಕುವ ಹತ್ತು ಆಸ್ಪತ್ರೆಗಳಿಗಿಂತ, ಅದನ್ನೇ ಮತ್ತೆ ಮತ್ತೆ ಮಾಡಿ ಪಳಗಿದ ಒಂದು ಕೇಂದ್ರ ಕರಾವಳಿಗೆಲ್ಲ ಹೆಚ್ಚು ಉಪಯೋಗ. ಕಾಪುವಿನ, ಕಾರ್ಕಳದ ಆಸ್ಪತ್ರೆಗಳ ಕೆಲಸ ಅಂಥ ರೋಗಿಯನ್ನು ಬೇಗ ಗುರುತಿಸಿ, ತಡಮಾಡದೆ ಅಲ್ಲಿಗೆ ಮುಟ್ಟಿಸುವುದು. ಕಾಪುವಿನಿಂದ ಮಣಿಪಾಲಕ್ಕೆ ಗಂಟೆಯ ದಾರಿಯೂ ಇಲ್ಲ. ತಡವಾಗುವುದು ರಸ್ತೆಯಲ್ಲಲ್ಲ, ತೀರ್ಮಾನದಲ್ಲಿ.

ಈ ಮಾದರಿ ಕನಸೇನಲ್ಲ, ಹೃದಯಾಘಾತದಲ್ಲಿ ನಮ್ಮವರೇ ಮಾಡಿ ತೋರಿಸಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಮುಟ್ಟಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ತಜ್ಞರೇ ಅದನ್ನು ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. ಇಸಿಜಿ ಅಗ್ಗದ ಯಂತ್ರ. ಬೆಲೆ ಬಂದದ್ದು ಅದರ ಹಿಂದೆ ಎಚ್ಚರವಿದ್ದ ಜನರಿಂದ. ರಾಜ್ಯ ಸರಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದೂ ಇದೇ ತತ್ವದ ಮೇಲೆ. ಹೆಪ್ಪು ಕರಗಿಸುವ ಮದ್ದಿಗೆ ಆಗುವ ಏರ್ಪಾಡು ಹೆಪ್ಪು ತಡೆಯುವ ಮಾತ್ರೆಗೆ ಏಕೆ ಆಗಬಾರದು? ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಐಎನ್‌ಆರ್ ಮೇಜು, ಬೆರಳಿನಿಂದ ಹನಿ ರಕ್ತ ತೆಗೆದು ಅಲ್ಲೇ ನೋಡುವ ಸಣ್ಣ ಮೀಟರ್, ತರಬೇತಾದ ಒಬ್ಬ ಸಿಸ್ಟರ್, ಫೋನಿನ ಆ ಕಡೆ ಒಬ್ಬ ವೈದ್ಯರು ಇದ್ದರೆ ಸಾಕು. ಇದರ ಖರ್ಚು ಒಂದು ಎಕ್ಮೋ ಯಂತ್ರದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಇಲಿಜ್ವರಕ್ಕಾದರೆ ಇನ್ನೂ ಅಗ್ಗ: ಗದ್ದೆಗೆ ಇಳಿಯುವವರಿಗೆ ಗಂಬೂಟು, ಅಪಾಯ ಹೆಚ್ಚಿರುವವರಿಗೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್, ಜ್ವರ ಬಂದ ಎರಡು ಮೂರು ದಿನದೊಳಗೆ ರಕ್ತಪರೀಕ್ಷೆ. ಶ್ವಾಸಕೋಶ ಸೋರುವವರೆಗೆ ಕಾದು ಎಕ್ಮೋ ಹುಡುಕುವ ಜಿಲ್ಲೆ ಬುದ್ಧಿವಂತರ ಜಿಲ್ಲೆ ಎನ್ನಿಸಿಕೊಳ್ಳಲಾರದು.

ಎಕ್ಮೋ ಇಟ್ಟುಕೊಂಡ ಆಸ್ಪತ್ರೆಗಳನ್ನೂ ಸುಮ್ಮನೆ ಬಿಡಬಾರದು. ವರ್ಷಕ್ಕೆ ಎಷ್ಟು ಮಂದಿಗೆ ಹಾಕಿದಿರಿ, ಎಷ್ಟು ಮಂದಿ ಮನೆಗೆ ನಡೆದು ಹೋದರು, ಎಷ್ಟು ಮಂದಿಗೆ ಗಂಭೀರ ರಕ್ತಸ್ರಾವವಾಯಿತು, ಎಷ್ಟು ಆಕ್ಸಿಜನೇಟರ್ ಕಟ್ಟಿಹೋದವು? ರಾತ್ರಿ ಪಾಳಿಯಲ್ಲಿ ಒಬ್ಬ ಎಕ್ಮೋ ರೋಗಿಗೆ ಎಷ್ಟು ಸಿಸ್ಟರ್, ಭಾನುವಾರ ಫೈಬ್ರಿನೋಜನ್ ಎಂಬ ಹೆಪ್ಪಿನ ಪ್ರೋಟೀನಿನ ರಿಪೋರ್ಟ್ ಬರಲು ಎಷ್ಟು ಹೊತ್ತು, ಐದೇ ದಿನ ಬಾಳುವ ಪ್ಲೇಟ್‌ಲೆಟ್ ನಿಮ್ಮ ಬ್ಲಡ್ ಬ್ಯಾಂಕಿನಲ್ಲಿ ಇವತ್ತು ಎಷ್ಟಿದೆ? ಈ ಲೆಕ್ಕವನ್ನು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಒಳ್ಳೆಯ ಕೇಂದ್ರಕ್ಕೆ ಇದರಿಂದ ಹೆದರಿಕೆ ಇಲ್ಲ. ಅದರ ಶ್ರಮಕ್ಕೆ ಮೊದಲ ಬಾರಿ ಸರಿಯಾದ ಮರ್ಯಾದೆ ಸಿಗುತ್ತದೆ. ಹೆದರುವವರು ಯಂತ್ರವನ್ನು ಹೋರ್ಡಿಂಗಿಗಾಗಿ ಕೊಂಡವರು. ಆ ಲೆಕ್ಕ ಕೊಡಲಾರದ ಆಸ್ಪತ್ರೆಯಲ್ಲಿ ಎಕ್ಮೋ ಇದ್ದರೂ ಇಲ್ಲವೆಂದೇ ತಿಳಿದು, ನಮ್ಮವರನ್ನು ಮುಂದಿನ ಊರಿಗೆ ಕರೆದೊಯ್ಯುವುದು ಲೇಸು.